ಕೊನೆಯ ರೆಪ್ ಎಲ್ಲಿದೆ? ಫೇಲ್ಯೂರ್‌ವರೆಗೆ ಸೆಟ್ ಮಾಡುವ ಬಗೆ

ಜಿಮ್‌ನಲ್ಲಿ, ಕೂತು ಮೊಣಕಾಲು ನೇರ ಮಾಡುತ್ತಾ ತೂಕ ಎತ್ತುವ ಲೆಗ್ ಎಕ್ಸ್‌ಟೆನ್ಶನ್ ಮಷಿನ್ ಮೇಲಿರುವವರನ್ನು ಸ್ವಲ್ಪ ಹೊತ್ತು ಗಮನಿಸಿ. ಹತ್ತನೇ ರೆಪ್ಪಿಗೆ (ಒಮ್ಮೆ ಎತ್ತಿ ಇಳಿಸಿದರೆ ಒಂದು ರೆಪ್, ಬಿಡದೆ ಮಾಡಿದ ರೆಪ್‌ಗಳ ಸರಣಿ ಒಂದು ಸೆಟ್) ಮುಖ ಕಿವುಚುತ್ತಾರೆ, ಹನ್ನೆರಡಕ್ಕೆ ಕಣ್ಣು ಮುಚ್ಚುತ್ತಾರೆ, ಹದಿನಾಲ್ಕಕ್ಕೆ ಪ್ಲೇಟುಗಳನ್ನು ದಡ್ಡೆಂದು ಬಿಟ್ಟು "ಫೇಲ್ಯೂರ್ ಆಯ್ತು" ಅನ್ನುತ್ತಾರೆ. ಆದರೆ ಆ ಹದಿನಾಲ್ಕನೇ ರೆಪ್ ಮೂರನೆಯದರಷ್ಟೇ ಸಲೀಸಾಗಿ ಮೇಲೆ ಹೋಗಿರುತ್ತದೆ. ತೊಡೆ ಉರಿಯಿತು, ಸಾಕೆನಿಸಿತು, ನಿಲ್ಲಿಸಿದರು. ಸ್ನಾಯುವಿನಲ್ಲಿ ಇನ್ನೂ ನಾಲ್ಕೈದು ರೆಪ್ ಹಾಗೇ ಉಳಿದಿತ್ತು.

ಫಾರ್ಮ್ (ವ್ಯಾಯಾಮ ಮಾಡುವ ಸರಿಯಾದ ಭಂಗಿ) ಕೆಡಿಸದೆ, ಇರುವ ಬಲವನ್ನೆಲ್ಲ ಹಾಕಿ ತಳ್ಳುತ್ತಿದ್ದರೂ ತೂಕ ಅರ್ಧ ದಾರಿಯಲ್ಲಿ ನಿಂತು, ಅಲ್ಲಿಂದ ಮೇಲಕ್ಕೆ ಕದಲದಿದ್ದರೆ ಅದು ಫೇಲ್ಯೂರ್. ಆ ಜಾಗವನ್ನು ಮೊದಲು ಅಪಾಯವಿಲ್ಲದ ಮಷಿನ್ ಮೇಲೆ ಕಂಡುಕೊಳ್ಳಬೇಕು. ಕಂಡ ಮೇಲೆ ಸಣ್ಣ ವ್ಯಾಯಾಮಗಳ ಕೊನೆಯ ಸೆಟ್‌ನಲ್ಲಿ ಮಾತ್ರ ಅಲ್ಲಿಗೆ ಹೋಗಬೇಕು. ಸ್ಕ್ವಾಟ್ (ಬಾರ್ ಹೆಗಲ ಮೇಲೆ ಹೊತ್ತು ಕೂತೇಳುವುದು), ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತಿ ನಿಲ್ಲುವುದು) ಇಂಥ ಬಾರ್ಬೆಲ್ ಲಿಫ್ಟ್‌ಗಳಲ್ಲಿ ಎರಡು-ಮೂರು ರೆಪ್ ಮೊದಲೇ ನಿಲ್ಲಿಸಬೇಕು. ಮುಂದೆ ಹೇಳುವುದೆಲ್ಲ ಈ ಮೂರು ಮಾತುಗಳ ವಿವರ.

ಯಾರಿಗೆ ಇದು ಬೇಡ

ಹತೋಟಿಗೆ ಬಾರದ ಬಿಪಿ, ಹೃದಯದ ತೊಂದರೆ, ಹರ್ನಿಯಾ, ಗ್ಲಾಕೋಮಾ, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭಾವಸ್ಥೆ ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕೇಳದೆ ಫೇಲ್ಯೂರ್ ಹತ್ತಿರ ಹೋಗಬೇಡಿ. ಕಾರಣ ಸ್ಪಷ್ಟ. ಕೆನಡಾದ ಮ್ಯಾಕ್‌ಡೂಗಲ್ ಮತ್ತು ಸಂಗಡಿಗರು 1985ರಲ್ಲಿ ಬಾಡಿಬಿಲ್ಡರ್‌ಗಳ ತೋಳಿನ ಧಮನಿಯೊಳಗೇ ನಳಿಕೆ ಇಟ್ಟು, ಭಾರಿ ಲೆಗ್ ಪ್ರೆಸ್ ಮಾಡಿಸಿ ರಕ್ತದೊತ್ತಡ ಅಳೆದರು. ಸೆಟ್‌ನ ಕೊನೆಗೆ ಸರಾಸರಿ 320/250 ತಲುಪಿತ್ತು. ಆರೋಗ್ಯವಂತರ ರಕ್ತನಾಳ ಆ ಕೆಲವು ಸೆಕೆಂಡುಗಳನ್ನು ತಾಳಿಕೊಳ್ಳುತ್ತದೆ, ದುರ್ಬಲವಾಗಿರುವ ರಕ್ತನಾಳ ತಾಳುತ್ತದೆಂದು ಹೇಳಲಾಗದು. ಒತ್ತಡ ಅಷ್ಟು ಏರಲು ಒಂದು ಮುಖ್ಯ ಕಾರಣ ಉಸಿರು ಕಟ್ಟಿ ತಳ್ಳುವುದು. ಹಾಗಾಗಿ ಮಷಿನ್ ಮೇಲೆ ಫೇಲ್ಯೂರ್‌ಗೆ ಹೋಗುವಾಗ ತೂಕ ಮೇಲೇರುವಾಗಲೆಲ್ಲ ಬಾಯಿಂದ ಉಸಿರು ಬಿಡಿ. ರೆಪ್ ನಿಧಾನವಾದಷ್ಟೂ ಉಸಿರನ್ನು ಉದ್ದಕ್ಕೆ ಎಳೆದು ಬಿಡಿ.

ಜಿಮ್ ಸೇರಿ ಎರಡು-ಮೂರು ತಿಂಗಳಾಗದವರಿಗೂ ಇದರ ಅಗತ್ಯವಿಲ್ಲ. ಆ ಹಂತದಲ್ಲಿ ಹೇಗೆ ಮಾಡಿದರೂ ಮೈ ಬೆಳೆಯುತ್ತದೆ. ಕಲಿಯಬೇಕಾದದ್ದು ಫಾರ್ಮ್.

ಕೊನೆಯ ಕೆಲವು ರೆಪ್‌ಗಳಿಗೆ ಅಷ್ಟು ಬೆಲೆ ಯಾಕೆ

ಒಂದು ಸ್ನಾಯುವಿನ ಎಳೆಗಳೆಲ್ಲ ಒಟ್ಟಿಗೆ ಕೆಲಸಕ್ಕೆ ಇಳಿಯುವುದಿಲ್ಲ. ಬೇಕಾದ ಬಲ ಕಡಿಮೆ ಇದ್ದಾಗ ಸಣ್ಣ, ದಣಿಯದ ಎಳೆಗಳು ಮಾತ್ರ ದುಡಿಯುತ್ತವೆ. ಬೇಡಿಕೆ ಏರಿದಂತೆ ದೊಡ್ಡವು ಒಂದೊಂದಾಗಿ ಸೇರಿಕೊಳ್ಳುತ್ತವೆ. ಅಮೆರಿಕದ ನರವಿಜ್ಞಾನಿ ಎಲ್ವುಡ್ ಹೆನ್ನೆಮನ್ 1950-60ರ ದಶಕಗಳಲ್ಲಿ ತೋರಿಸಿಕೊಟ್ಟ ಕ್ರಮ ಇದು. ಹೆಚ್ಚು ಬೆಳೆಯಬಲ್ಲವು ಆ ದೊಡ್ಡ ಎಳೆಗಳೇ.

ಈಗ ಎರಡು ಸೆಟ್ ಊಹಿಸಿಕೊಳ್ಳಿ. ಒಂದರಲ್ಲಿ ನಿಮ್ಮ ಮ್ಯಾಕ್ಸ್‌ನ, ಅಂದರೆ ಒಂದೇ ಸಲ ಎತ್ತಬಲ್ಲ ತೂಕದ, ಶೇ. 85ರಷ್ಟು ಹಾಕಿದ್ದೀರಿ. ಮೊದಲ ರೆಪ್‌ನಿಂದಲೇ ಬಹುಪಾಲು ಎಳೆಗಳು ಕೆಲಸದಲ್ಲಿರುತ್ತವೆ. ಇನ್ನೊಂದರಲ್ಲಿ ಶೇ. 35 ಹಾಕಿದ್ದೀರಿ. ಮೊದಲ ಹದಿನೈದು ರೆಪ್ ಸಣ್ಣ ಎಳೆಗಳ ಆಟ. ಅವು ದಣಿದ ಮೇಲಷ್ಟೇ ದೊಡ್ಡವಕ್ಕೆ ಕರೆ ಹೋಗುತ್ತದೆ, ಆ ಕರೆ ಹೋಗುವುದು ಸೆಟ್‌ನ ಬಾಲದಲ್ಲಿ. ಮ್ಯಾಕ್ಸ್‌ನ ಶೇ. 30ರಷ್ಟು ಹಗುರ ತೂಕದಿಂದಲೂ ಭಾರದ ತೂಕದಷ್ಟೇ ಮಾಂಸಖಂಡ ಬೆಳೆಸಬಹುದು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ, ಆದರೆ ಸೆಟ್ ಫೇಲ್ಯೂರ್ ಮುಟ್ಟುವ ಹಾಗಿದ್ದರೆ ಮಾತ್ರ. ಇದರಿಂದ ನೇರವಾಗಿ ಹೊರಡುವ ನಿಯಮ: ತೂಕ ಹಗುರವಾದಷ್ಟೂ ಫೇಲ್ಯೂರ್‌ಗೆ ಹತ್ತಿರ ಹೋಗಿ, ಭಾರವಾದಷ್ಟೂ ದೂರ ಇದ್ದರೂ ನಷ್ಟವಿಲ್ಲ. ಆರೇ ರೆಪ್ ಆಗುವ ತೂಕದಲ್ಲಿ ಎರಡು ಉಳಿಸಿದರೆ ಏನೂ ಹೋಗದು. ಇಪ್ಪತ್ತೈದು ರೆಪ್ ಆಗುವ ತೂಕದಲ್ಲಿ ಎಂಟು ಉಳಿಸಿದರೆ ಆ ಸೆಟ್ ಬಹುತೇಕ ವ್ಯರ್ಥ.

ಗಾತ್ರದ ಬೆಳವಣಿಗೆ ಮತ್ತು ಶಕ್ತಿ ಇಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಈವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಫೇಲ್ಯೂರ್‌ಗೆ ಹತ್ತಿರವಾದಂತೆ ಸ್ನಾಯುವಿನ ಗಾತ್ರ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಬೆಳೆಯುತ್ತದೆ. ಎತ್ತುವ ಶಕ್ತಿಯಲ್ಲಿ ಮಾತ್ರ ಹತ್ತಿರ-ದೂರದ ವ್ಯತ್ಯಾಸ ಕಾಣುವುದಿಲ್ಲ. ಜಿಮ್‌ನಲ್ಲಿ "ಫೇಲ್ಯೂರ್ ಬೇಕೇ ಬೇಕು" ಮತ್ತು "ಬೇಡವೇ ಬೇಡ" ಅನ್ನುವವರು ಎಂದಿಗೂ ಒಪ್ಪದಿರಲು ಇದೂ ಒಂದು ಕಾರಣ. ಒಬ್ಬರು ತೋಳಿನ ಸುತ್ತಳತೆಯ ಬಗ್ಗೆ ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ಬಾರ್ ಮೇಲಿನ ಕಿಲೋ ಬಗ್ಗೆ.

ಫೇಲ್ಯೂರ್ ಗುರುತಿಸಲು ಕಲಿಯುವುದು

ಇದನ್ನು ಕಲಿಯಲು ಲೆಗ್ ಎಕ್ಸ್‌ಟೆನ್ಶನ್‌ಗಿಂತ ಒಳ್ಳೆಯ ಮಷಿನ್ ಇಲ್ಲ. ಕಾಲು ಸೋತರೆ ಪ್ಲೇಟುಗಳು ತಮ್ಮ ಜಾಗಕ್ಕೆ ಹಿಂತಿರುಗುತ್ತವೆ, ಮೈಮೇಲೆ ಏನೂ ಬೀಳುವುದಿಲ್ಲ.

ಬೆನ್ನಿನ ಪ್ಯಾಡನ್ನು ಹಿಂದೆ-ಮುಂದೆ ಸರಿಸಿ, ಮೊಣಕಾಲಿನ ಕೀಲು ಮಷಿನ್‌ನ ತಿರುಗುವ ಅಚ್ಚಿನ ನೇರಕ್ಕೆ ಬರುವಂತೆ ಕೂರಿ. ಅಚ್ಚಿಗಿಂತ ಮೊಣಕಾಲು ಮುಂದಿದ್ದರೆ ಸೆಟ್‌ನ ಕೊನೆಗೆ ಸ್ನಾಯುವಿಗಿಂತ ಮೊದಲು ಕೀಲು ನೋಯುತ್ತದೆ. ಕೆಳಗಿನ ಪ್ಯಾಡ್ ಪಾದದ ಗಂಟಿನ ತುಸು ಮೇಲೆ ಕೂರಬೇಕು. ಪಕ್ಕದ ಹಿಡಿಗಳನ್ನು ಬಿಗಿಯಾಗಿ ಹಿಡಿದು ಸೊಂಟವನ್ನು ಸೀಟಿಗೆ ಅಂಟಿಸಿ. ಸುಮಾರು 12 ರೆಪ್ ಆಗಬಹುದೆನಿಸುವ ತೂಕಕ್ಕೆ ಪಿನ್ ಹಾಕಿ. ಅದಕ್ಕೆ ಮೊದಲು ಅರ್ಧ ತೂಕದಲ್ಲಿ ಒಂದು ಸೆಟ್, ಮುಕ್ಕಾಲು ತೂಕದಲ್ಲಿ ಐದಾರು ರೆಪ್ ಮಾಡಿ ಮೊಣಕಾಲನ್ನು ಬಿಸಿ ಮಾಡಿಕೊಳ್ಳಿ.

ಎತ್ತುವಾಗ ಪ್ರತಿ ರೆಪ್ ಅನ್ನೂ ಸಾಧ್ಯವಾದಷ್ಟು ಜೋರಾಗಿ ತಳ್ಳಿ, ಇಳಿಸುವಾಗ ಎರಡು ಸೆಕೆಂಡು ತೆಗೆದುಕೊಳ್ಳಿ. ಬೇಕೆಂದೇ ನಿಧಾನ ಮಾಡಬೇಡಿ. ನೀವು ಜೋರಾಗಿ ತಳ್ಳುತ್ತಿದ್ದರೂ ತೂಕ ತಾನಾಗಿ ನಿಧಾನವಾಗುವುದೇ ನೋಡಬೇಕಾದ ಗುರುತು. ಮೊದಲ ಐದಾರು ರೆಪ್ ಒಂದು ಸೆಕೆಂಡಿನೊಳಗೆ ಮೇಲೆ ಹೋಗುತ್ತವೆ. ಎಂಟರ ಹೊತ್ತಿಗೆ ತೊಡೆಯ ಮುಂಭಾಗ ಉರಿಯತೊಡಗುತ್ತದೆ, ವೇಗ ಇನ್ನೂ ಅಷ್ಟೇ ಇರುತ್ತದೆ. ಹತ್ತನೆಯದರಲ್ಲಿ ನಿಲ್ಲಿಸಬೇಕೆಂಬ ಆಸೆ ಬಲವಾಗುತ್ತದೆ. ಇಲ್ಲಿ ಮನಸ್ಸಿನಲ್ಲೇ ಒಂದು ಅಂಕಿ ಹೇಳಿಕೊಳ್ಳಿ: "ಇನ್ನು ಎರಡು ಆಗಬಹುದು." ಹೇಳಿಕೊಂಡು ಮುಂದುವರಿಸಿ. ಹನ್ನೊಂದು, ಹನ್ನೆರಡು ಹೋಗುತ್ತವೆ, ಸ್ವಲ್ಪ ನಿಧಾನ. ಹದಿಮೂರು ಮೇಲಿನ ಕಾಲುಭಾಗದಲ್ಲಿ ತಡವರಿಸುತ್ತದೆ. ಹದಿನಾಲ್ಕು ಮೂರು ಸೆಕೆಂಡು ತೆಗೆದುಕೊಂಡು, ತೊಡೆ ನಡುಗುತ್ತಾ ಮೇಲೆ ಮುಟ್ಟುತ್ತದೆ. ಹದಿನೈದು ಅರ್ಧಕ್ಕೆ ಬಂದು ನಿಲ್ಲುತ್ತದೆ. ಇನ್ನೆರಡು ಸೆಕೆಂಡು ಬಿಡದೆ ತಳ್ಳಿ. ಕದಲದಿದ್ದರೆ ಮೆಲ್ಲಗೆ ಇಳಿಸಿ. ಅದೇ ಫೇಲ್ಯೂರ್. ನೀವು ಎರಡು ಅಂದಿದ್ದಿರಿ, ಆದದ್ದು ನಾಲ್ಕು. ಅಂದರೆ ಇಷ್ಟು ದಿನ "ಎರಡು ಉಳಿಸಿದೆ" ಅಂದುಕೊಂಡು ನಾಲ್ಕು ಉಳಿಸುತ್ತಿದ್ದಿರಿ.

ವಾರಕ್ಕೊಮ್ಮೆಯಂತೆ ಮೂರು-ನಾಲ್ಕು ವಾರ ಇದನ್ನು ಮಾಡಿ, ಊಹೆಗೂ ನಿಜಕ್ಕೂ ಇರುವ ಅಂತರ ಬರೆದಿಡಿ. ಲೆಗ್ ಕರ್ಲ್, ಕೇಬಲ್ ಪುಶ್‌ಡೌನ್, ಚೆಸ್ಟ್ ಪ್ರೆಸ್ ಮಷಿನ್ ಮೇಲೂ ಒಂದೊಂದು ಸಲ ನೋಡಿ. ಬಹಳ ಜನರಲ್ಲಿ ಅಂತರ ಒಂದಕ್ಕೆ ಇಳಿಯುತ್ತದೆ. ಊಹೆ ಫೇಲ್ಯೂರ್‌ಗೆ ಹತ್ತಿರ ಬಂದಂತೆ ನಿಖರವಾಗುತ್ತದೆ, ರೆಪ್ ಕಡಿಮೆ ಇರುವ ಸೆಟ್‌ಗಳಲ್ಲಿ ಇನ್ನೂ ನಿಖರ. ಇಪ್ಪತ್ತೈದು ರೆಪ್ ಸೆಟ್‌ನಲ್ಲಿ ಹದಿನೈದರ ಬಳಿ ನಿಂತು ಎಷ್ಟು ಉಳಿದಿದೆ ಎಂದು ಸರಿಯಾಗಿ ಹೇಳಬಲ್ಲವರು ಕಡಿಮೆ.

ಮೊಬೈಲನ್ನು ಪಕ್ಕದಲ್ಲಿ ನೀರಿನ ಬಾಟಲಿಗೆ ಒರಗಿಸಿ ವಿಡಿಯೊ ತೆಗೆದುಕೊಳ್ಳುವುದು ಅತ್ಯಂತ ಪ್ರಾಮಾಣಿಕ ಕನ್ನಡಿ. ಕೊನೆಯ ರೆಪ್ ಮೊದಲಿನದಕ್ಕಿಂತ ಎರಡು-ಮೂರು ಪಟ್ಟು ಹೆಚ್ಚು ಹೊತ್ತು ತೆಗೆದುಕೊಂಡಿದೆಯೇ ನೋಡಿ. ಇಲ್ಲದಿದ್ದರೆ ನೀವು ಹತ್ತಿರಕ್ಕೂ ಹೋಗಿಲ್ಲ. ಉರಿ, ಏದುಸಿರು, ಬೆವರು, ಪಂಪ್ (ಸ್ನಾಯು ಉಬ್ಬಿದಂತಾಗುವುದು) ಇವು ಯಾವುವೂ ಲೆಕ್ಕಕ್ಕಿಲ್ಲ.

ಎಲ್ಲಿ ಹೋಗಬಹುದು, ಎಲ್ಲಿ ಬೇಡ

ನೋಡಬೇಕಾದದ್ದು ಎರಡೇ: ಸೋತಾಗ ತೂಕ ಎಲ್ಲಿಗೆ ಹೋಗುತ್ತದೆ, ಮತ್ತು ಮೊದಲು ಸೋಲುವುದು ಬೆಳೆಸಬೇಕೆಂದಿರುವ ಸ್ನಾಯುವೇ ಅಥವಾ ಬೇರೇನೋ.

ಲೆಗ್ ಎಕ್ಸ್‌ಟೆನ್ಶನ್, ಲೆಗ್ ಕರ್ಲ್, ಮೀನಖಂಡದ ಮಷಿನ್, ಪೆಕ್ ಡೆಕ್, ಡಂಬೆಲ್ ಲ್ಯಾಟರಲ್ ರೈಸ್, ಕೇಬಲ್ ಪುಶ್‌ಡೌನ್, ಬೈಸೆಪ್ಸ್ ಕರ್ಲ್ ಎರಡೂ ಪ್ರಶ್ನೆಯಲ್ಲಿ ಗೆಲ್ಲುತ್ತವೆ. ಇಲ್ಲಿ ಧೈರ್ಯವಾಗಿ ಹೋಗಿ. ಕರ್ಲ್‌ನಲ್ಲಿ ಮಾತ್ರ ಸೊಂಟ ಹಿಂದಕ್ಕೆ ಬಾಗಿದ ಕ್ಷಣವೇ ಸೆಟ್ ಮುಗಿಯಿತೆಂದು ತಿಳಿಯಿರಿ. ಗೋಡೆಗೆ ಬೆನ್ನು, ಹಿಂಭಾಗ ಎರಡನ್ನೂ ತಾಗಿಸಿ ನಿಂತು ಮಾಡಿದರೆ ಮೋಸಕ್ಕೆ ಜಾಗವೇ ಇರುವುದಿಲ್ಲ.

ಲ್ಯಾಟ್ ಪುಲ್‌ಡೌನ್ ಮತ್ತು ರೋಯಿಂಗ್‌ನಲ್ಲಿ ಒಂದು ತೊಡಕಿದೆ. ದಣಿದಂತೆ ರೆಪ್ ಒಮ್ಮೆಲೇ ನಿಲ್ಲುವುದಿಲ್ಲ, ಮೋಟಾಗುತ್ತಾ ಹೋಗುತ್ತದೆ: ಮೊದಲು ಎದೆಗೆ ತಾಗುತ್ತಿದ್ದ ಬಾರ್ ಗದ್ದದಲ್ಲಿ ನಿಲ್ಲುತ್ತದೆ, ಆಮೇಲೆ ಹಣೆಯಲ್ಲಿ. ಎಳೆದು ಹತ್ತಿರ ತಂದಾಗ ಸ್ನಾಯು ಗಿಡ್ಡವಾಗಿ ಬಲ ಕಳೆದುಕೊಂಡಿರುತ್ತದೆ, ಅದಕ್ಕೆ ಹೀಗೆ. ಸೆಟ್ ಶುರು ಮಾಡುವ ಮೊದಲೇ ಗೆರೆ ಹಾಕಿಕೊಳ್ಳಿ: ಬಾರ್ ಗದ್ದಕ್ಕಿಂತ ಕೆಳಗೆ ಬಾರದ ರೆಪ್ ಲೆಕ್ಕಕ್ಕಿಲ್ಲ, ಅಲ್ಲಿಗೆ ನಿಲುಗಡೆ. ಹಿಡಿತ ಮೊದಲು ಸೋಲುತ್ತಿದ್ದರೆ ಲಿಫ್ಟಿಂಗ್ ಸ್ಟ್ರ್ಯಾಪ್ ಕಟ್ಟಿ. ಬಗ್ಗಿ ನಿಂತು ಬಾರ್ಬೆಲ್ ಎಳೆಯುವ ರೋನಲ್ಲಿ ಬೆನ್ನಿಗಿಂತ ಸೊಂಟ ಮೊದಲು ಸೋಲುವುದರಿಂದ ಫೇಲ್ಯೂರ್‌ಗಾಗಿ ಎದೆಗೆ ಪ್ಯಾಡ್ ಇರುವ ರೋ ಮಷಿನ್ ಹಿಡಿಯಿರಿ.

ಡೆಡ್‌ಲಿಫ್ಟ್, ಗುಡ್ ಮಾರ್ನಿಂಗ್ (ಬಾರ್ ಹೆಗಲ ಮೇಲಿಟ್ಟು ಸೊಂಟದಿಂದ ಬಗ್ಗಿ ಏಳುವುದು), ಬಾರನ್ನು ನೆಲದಿಂದ ರಭಸವಾಗಿ ಎಳೆದೆತ್ತುವ ಸ್ನ್ಯಾಚ್, ಕ್ಲೀನ್ ಇವುಗಳಲ್ಲಿ ಫೇಲ್ಯೂರ್ ಬೇಡ, ಇದರಲ್ಲಿ ರಿಯಾಯಿತಿ ಇಲ್ಲ. ಡೆಡ್‌ಲಿಫ್ಟ್‌ನಲ್ಲಿ ತೊಡೆ, ನಿತಂಬ ಸೋಲುವ ಮೊದಲು ನಡು ದುಂಡಗಾಗುತ್ತದೆ. ದುಂಡಗಾದ ನಡುವಿನ ಮೇಲೆ ಭಾರ ಹೊತ್ತು ಇನ್ನೊಂದು ರೆಪ್‌ಗೆ ಹೋರಾಡಿದ್ದರ ಫಲವನ್ನು ಡಿಸ್ಕ್ ತಿಂಗಳುಗಟ್ಟಲೆ ಅನುಭವಿಸಬೇಕಾಗಬಹುದು. ಬಾರ್ಬೆಲ್ ಸ್ಕ್ವಾಟ್‌ನಲ್ಲೂ ಎರಡು-ಮೂರು ಉಳಿಸಿ. ತೊಡೆಯನ್ನು ಪೂರ್ತಿ ಸೋಲಿಸಬೇಕೆಂದಿದ್ದರೆ ಸ್ಕ್ವಾಟ್ ಮುಗಿಸಿ ಮಷಿನ್ ಕಡೆ ನಡೆಯಿರಿ.

ಬೆಂಚ್ ಪ್ರೆಸ್: ಕುತ್ತಿಗೆ ಕಾಪಾಡಿಕೊಳ್ಳುವ ಲೆಕ್ಕ

ಬೆಂಚಿನ ಮೇಲೆ ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್‌ನಲ್ಲಿ ಸೋತ ಬಾರ್ ಬೀಳುವುದು ಎದೆಯ ಮೇಲೆ, ಅಲ್ಲಿಂದ ಉರುಳಿದರೆ ಕುತ್ತಿಗೆಗೆ. ಒಬ್ಬರೇ ಮಾಡುವಾಗ ಜೀವ ಹೋದ ಘಟನೆಗಳಿವೆ. ಹಾಗಾಗಿ ಇಲ್ಲಿ ಸ್ವಲ್ಪ ನಿಂತು ನೋಡೋಣ.

ಪವರ್ ರ್‍ಯಾಕ್ (ನಾಲ್ಕು ಕಂಬದ ಕಬ್ಬಿಣದ ಚೌಕಟ್ಟು) ಇದ್ದರೆ ಬೆಂಚನ್ನು ಅದರೊಳಗೆ ಎಳೆದುಕೊಳ್ಳಿ. ಖಾಲಿ ಬಾರ್ ಹಿಡಿದು, ಬೆನ್ನನ್ನು ಎಂದಿನಂತೆ ಕಮಾನು ಮಾಡಿ ಬಾರನ್ನು ಎದೆಗೆ ಮುಟ್ಟಿಸಿ. ಬೀಳುವ ಬಾರನ್ನು ತಡೆಯುವ ಅಡ್ಡ ಸರಳುಗಳು, ಅಂದರೆ ಸೇಫ್ಟಿ ಬಾರ್‌ಗಳು, ಆಗ ಬಾರ್‌ಗಿಂತ ಎರಡು-ಮೂರು ಸೆಂಟಿಮೀಟರ್ ಕೆಳಗಿರಬೇಕು. ಈಗ ಕಮಾನು ಬಿಟ್ಟು ಬೆನ್ನನ್ನು ಬೆಂಚಿಗೆ ಒತ್ತಿ. ಎದೆ ಕೆಳಗಿಳಿದು ಬಾರ್ ಸೇಫ್ಟಿಗಳ ಮೇಲೆ ಕೂತರೆ ಎತ್ತರ ಸರಿ. ಇನ್ನೊಂದು ಪರೀಕ್ಷೆ ಬಾಕಿ ಇದೆ: ಬಾರನ್ನು ಸೇಫ್ಟಿ ಮೇಲೆ ಕೂರಿಸಿಯೇ ಕುತ್ತಿಗೆಯ ಕಡೆಗೆ ಉರುಳಿಸಿ ನೋಡಿ, ಕುತ್ತಿಗೆಗೂ ಬಾರಿಗೂ ನಡುವೆ ಜಾಗ ಉಳಿಯಬೇಕು. ತೂಕ ಹಾಕುವ ಮೊದಲು, ಪ್ರತಿ ಸಲವೂ ಇದನ್ನು ಮಾಡಿ. ನಿಮಗಿಂತ ಮೊದಲು ಮಾಡಿದವರು ಸೇಫ್ಟಿಯ ತೂತು ಬದಲಿಸಿರುತ್ತಾರೆ.

ಸೇಫ್ಟಿ ಇಲ್ಲ, ಸ್ಪಾಟರ್ (ಸೋತಾಗ ಬಾರ್ ಹಿಡಿಯಲು ಹತ್ತಿರ ನಿಲ್ಲುವವರು) ಇದ್ದಾರೆ ಅಂದರೆ ಸೆಟ್ ಶುರುವಾಗುವ ಮುನ್ನ ಮೂರು ಮಾತು ಆಡಿಕೊಳ್ಳಿ: ಎಷ್ಟು ರೆಪ್ ಗುರಿ, ಯಾವ ಪದ ಹೇಳಿದರೆ ಹಿಡಿಯಬೇಕು, ಹಿಡಿದ ಮೇಲೆ ಪೂರ್ತಿ ರ್‍ಯಾಕ್‌ಗೆ ಸೇರಿಸಬೇಕು. ಬಾರ್ ನಿಂತಿದ್ದರೂ ಸ್ಪಾಟರ್ ಕೈ ಹಾಕಬಾರದು. ಆ ಪದ ಕೇಳಿದಾಗ ಅಥವಾ ಬಾರ್ ಕೆಳಕ್ಕೆ ಇಳಿಯಲು ಶುರುವಾದಾಗಲಷ್ಟೇ ಹಿಡಿಯಬೇಕು. ನಮ್ಮ ಜಿಮ್‌ಗಳಲ್ಲಿ ಇದು ತಪ್ಪುವುದೇ ಹೆಚ್ಚು. "ಎತ್ತು ಮಗಾ, ನಿಂದೇ, ನಿಂದೇ" ಎಂದು ಕೂಗುತ್ತಾ ಎಂಟನೇ ರೆಪ್‌ನಿಂದಲೇ ಎರಡೂ ಕೈಯಲ್ಲಿ ಎಳೆಯುವ ಗೆಳೆಯ ನಿಮ್ಮ ಡೈರಿಯ ಅಂಕಿಯನ್ನೇ ಹಾಳು ಮಾಡುತ್ತಾನೆ. ಸ್ಪಾಟರ್ ಬೆರಳು ತಾಗಿದ ರೆಪ್ ಅನ್ನು ಎಣಿಸಬೇಡಿ.

ಎರಡೂ ಇಲ್ಲದಿದ್ದರೆ ಬಾರ್ಬೆಲ್‌ನಲ್ಲಿ ಫೇಲ್ಯೂರ್ ಮಾತೇ ಬೇಡ. ಆದರೂ ಒಬ್ಬರೇ ಬೆಂಚ್ ಮಾಡುವುದು ಅನಿವಾರ್ಯವಾದರೆ ಪ್ಲೇಟುಗಳಿಗೆ ಕ್ಲಿಪ್ ಹಾಕಬೇಡಿ. ಸಿಕ್ಕಿಕೊಂಡರೆ ಬಾರನ್ನು ಒಂದು ಬದಿಗೆ ವಾಲಿಸಿ ಪ್ಲೇಟು ಜಾರಿಸಬಹುದು. ಜಾರಿದ ಕೂಡಲೇ ಇನ್ನೊಂದು ಬದಿ ರಭಸದಿಂದ ವಾಲುತ್ತದೆ, ಸುತ್ತ ಯಾರೂ ಇರಬಾರದು. ಹೆಬ್ಬೆರಳನ್ನು ಯಾವಾಗಲೂ ಬಾರಿನ ಸುತ್ತ ಹಾಕಿಯೇ ಹಿಡಿಯಿರಿ. ಡಂಬೆಲ್ ಪ್ರೆಸ್‌ನಲ್ಲಿ ಸೋತರೆ ಕೈಗಳನ್ನು ಪಕ್ಕಕ್ಕೆ ಚೆಲ್ಲಿ ಬಿಡಬೇಡಿ, ಭುಜ ಕಳಚುವುದು ಹಾಗೆಯೇ. ಡಂಬೆಲ್‌ಗಳನ್ನು ಎದೆಯ ಹತ್ತಿರ ತಂದು, ಮೊಣಕಾಲು ಮೇಲೆತ್ತಿ, ತೊಡೆಯ ಮೇಲೆ ಕೂರಿಸಿಕೊಂಡು ಎದ್ದು ಕೂರಿ.

ಒಂದು ದಿನದ ಸೆಟ್‌ಗಳನ್ನು ಜೋಡಿಸುವುದು

ಮೊದಲ ಸೆಟ್‌ನಲ್ಲೇ ಫೇಲ್ಯೂರ್ ಮುಟ್ಟಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ. ಹತ್ತು ರೆಪ್ ಆಗುವ ತೂಕ ಹಾಕಿ ಮೊದಲ ಸೆಟ್‌ನಲ್ಲಿ ಹತ್ತನ್ನೂ ಹಿಂಡಿದಿರಿ ಅನ್ನಿ. ಎರಡು ನಿಮಿಷ ಬಿಟ್ಟು ಎರಡನೆಯದು ಏಳಕ್ಕೆ ನಿಲ್ಲುತ್ತದೆ, ಮೂರನೆಯದು ಐದಕ್ಕೆ. ಒಟ್ಟು 22. ಅದೇ ತೂಕದಲ್ಲಿ ಎಂಟು, ಎಂಟು ಮಾಡಿ ಮೂರನೆಯದರಲ್ಲಿ ಮಾತ್ರ ಕೊನೆವರೆಗೆ ಹೋದರೆ ಅಲ್ಲೂ ಎಂಟರ ಆಸುಪಾಸು ಸಿಗುತ್ತದೆ. ಒಟ್ಟು 24, ಫಾರ್ಮ್ ಕೂಡ ಚೊಕ್ಕ. ಕೊನೆಯ ಸೆಟ್ ಒಂದನ್ನೇ ಮಿತಿಯವರೆಗೆ ಒಯ್ಯುವ ಈ ಪದ್ಧತಿ ಹಳೆಯದು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕಾಲು ಬಲಪಡಿಸಲು ಅಮೆರಿಕದ ವೈದ್ಯ ಥಾಮಸ್ ಡಿಲೋರ್ಮ್ 1945ರಲ್ಲಿ ಮೊದಲು ಸೂಚಿಸಿದ್ದು ಏಳರಿಂದ ಹತ್ತು ಸೆಟ್. 1948ರಲ್ಲಿ ಅವರೇ ಸಹೋದ್ಯೋಗಿ ವಾಟ್ಕಿನ್ಸ್ ಜೊತೆ ಸೇರಿ ಅದನ್ನು ಮೂರಕ್ಕೆ ಇಳಿಸಿದರು: ಹತ್ತೇ ಸಲ ಎತ್ತಬಲ್ಲ ತೂಕದ ಅರ್ಧ, ಮುಕ್ಕಾಲು, ಕೊನೆಗೆ ಪೂರ್ತಿ. ಇದಕ್ಕೆ ಎದುರು ತುದಿಯಲ್ಲಿ ನಾಟಿಲಸ್ ಎಂಬ ಜಿಮ್ ಮಷಿನ್‌ಗಳನ್ನು ರೂಪಿಸಿದ ಆರ್ಥರ್ ಜೋನ್ಸ್ 1970ರ ದಶಕದಲ್ಲಿ ಒಂದೇ ಸೆಟ್, ಅದೂ ಪೂರ್ತಿ ಫೇಲ್ಯೂರ್ ಎಂದು ಸಾರಿದರು. ಸಮಯ ಬಹಳ ಕಡಿಮೆ ಇರುವವರಿಗೆ ಅದು ಈಗಲೂ ಕೆಲಸಕ್ಕೆ ಬರುವ ದಾರಿ.

ಮೈಯ ಮೇಲ್ಭಾಗಕ್ಕೆ ಮೀಸಲಾದ ಒಂದು ದಿನ ಹೀಗಿರಬಹುದು ('ಉಳಿಕೆ' ಅಂದರೆ ಮಾಡದೆ ಉಳಿಸಿದ ರೆಪ್). ಮೊದಲು ಬಾರ್ಬೆಲ್ ಬೆಂಚ್, 4 ಸೆಟ್, ತಲಾ 6 ರೆಪ್, ಪ್ರತಿ ಸೆಟ್‌ನಲ್ಲೂ 2-3 ಉಳಿಕೆ, ನಡುವೆ 3 ನಿಮಿಷ ವಿಶ್ರಾಂತಿ. ಎದೆಗೆ ಪ್ಯಾಡ್ ಇರುವ ರೋ, 3 ಸೆಟ್, 8-10 ರೆಪ್, ಮೊದಲೆರಡರಲ್ಲಿ 2 ಉಳಿಕೆ, ಕೊನೆಯದರಲ್ಲಿ 1. ಆಮೇಲೆ ಇನ್‌ಕ್ಲೈನ್ ಪ್ರೆಸ್ ಮಷಿನ್, 2 ಸೆಟ್, 10-12 ರೆಪ್, ಎರಡನೆಯದು ಫೇಲ್ಯೂರ್. ಲ್ಯಾಟರಲ್ ರೈಸ್, 3 ಸೆಟ್, 12-20 ರೆಪ್, ಕೊನೆಯದು ಫೇಲ್ಯೂರ್. ಕರ್ಲ್ ಮತ್ತು ಪುಶ್‌ಡೌನ್ ತಲಾ 2 ಸೆಟ್, 10-15 ರೆಪ್, ಕೊನೆಯದು ಫೇಲ್ಯೂರ್, ನಡುವೆ ಒಂದೂವರೆ-ಎರಡು ನಿಮಿಷ. ಒಟ್ಟು ಹದಿನಾರು ಸೆಟ್‌ಗಳಲ್ಲಿ ನಾಲ್ಕು ಮಾತ್ರ ಫೇಲ್ಯೂರ್. ಇದಕ್ಕಿಂತ ಹೆಚ್ಚು ಬೇಕೆನಿಸಿದರೆ ಉಳಿದ ಸೆಟ್‌ಗಳನ್ನು ಕಡಿಮೆ ಮಾಡಿ. ಒಂದು ಸ್ನಾಯುವಿಗೆ ವಾರಕ್ಕೆ 10ರಿಂದ 12 ಸೆಟ್ ಬಹಳ ಜನಕ್ಕೆ ಸಾಕು.

ವಿಶ್ರಾಂತಿಯನ್ನು ಕದಿಯಬೇಡಿ. ಒಂದೇ ನಿಮಿಷ ಬಿಟ್ಟು ಮುಂದಿನ ಸೆಟ್ ಶುರು ಮಾಡಿದರೆ ಸೋಲುವುದು ಶ್ವಾಸ, ಸ್ನಾಯುವಲ್ಲ.

ಡ್ರಾಪ್ ಸೆಟ್ ಬಗ್ಗೆ ಕೇಳುವವರು ಬಹಳ. ಫೇಲ್ಯೂರ್ ಮುಟ್ಟಿದ ಕೂಡಲೇ ತೂಕವನ್ನು ಶೇ. 20-25ರಷ್ಟು ಇಳಿಸಿ ಮತ್ತೆ ಮುಂದುವರಿಸುವುದು ಅದು. ಸಮಯ ಉಳಿಯುತ್ತದೆ ಎಂಬುದೇ ಅದರ ದೊಡ್ಡ ಲಾಭ, ಬೆಳವಣಿಗೆ ಮಾಮೂಲಿ ಸೆಟ್‌ಗಳಷ್ಟೇ. ಕೊನೆಯ ವ್ಯಾಯಾಮದ ಕೊನೆಗೆ ಒಂದು ಸಲ ಹಾಕಿಕೊಳ್ಳಿ. ಗೆಳೆಯ ಎತ್ತಿಕೊಟ್ಟು ನೀವು ಇಳಿಸುವ ನೆಗೆಟಿವ್ ರೆಪ್‌ಗಳನ್ನು ಮಾತ್ರ ಹೊಸಬರು ಮುಟ್ಟಬಾರದು; ನಾಲ್ಕು ದಿನ ಕೈ ಚಾಚಲಾಗದಷ್ಟು ನೋವು ಕೊಡುವುದು ಅವೇ.

ಗುರಿ ಶಕ್ತಿಯಾದರೆ

ಬಾರ್ ಮೇಲಿನ ಕಿಲೋ ಹೆಚ್ಚಬೇಕೆಂಬುದೇ ಗುರಿಯಾದರೆ ಲಿಫ್ಟ್ ಒಂದು ಕಸುಬು. ಮ್ಯಾಕ್ಸ್‌ನ ಶೇ. 80-90ರಲ್ಲಿ ಎರಡರಿಂದ ಐದು ರೆಪ್, ಪ್ರತಿಯೊಂದೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರಬೇಕು. ಸೋಲುವ ರೆಪ್ ನರಗಳಿಗೆ ಕಲಿಸುವುದು ವಕ್ರವಾದ ದಾರಿಯನ್ನು.

ಸ್ಪೇನ್‌ನ ಪರೇಹಾ-ಬ್ಲಾಂಕೊ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಎಂಟು ವಾರದ ಸ್ಕ್ವಾಟ್ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಗುಂಪು ರೆಪ್‌ನ ವೇಗ ಶೇ. 20 ಕುಸಿದ ಕೂಡಲೇ ಸೆಟ್ ನಿಲ್ಲಿಸಿತು, ಇನ್ನೊಂದು ಶೇ. 40 ಕುಸಿಯುವವರೆಗೆ, ಅಂದರೆ ಫೇಲ್ಯೂರ್ ಹತ್ತಿರದವರೆಗೆ ಹೋಯಿತು. ಸ್ಕ್ವಾಟ್ ಶಕ್ತಿ ಎರಡರಲ್ಲೂ ಹೆಚ್ಚುಕಡಿಮೆ ಸಮವಾಗಿ ಏರಿತು. ಬೇಗ ನಿಲ್ಲಿಸಿದವರು ಬಹಳ ಕಡಿಮೆ ರೆಪ್ ಮಾಡಿಯೂ ಜಿಗಿತದಲ್ಲಿ ಮುಂದಾದರು; ತೊಡೆಯ ಗಾತ್ರ ಹೆಚ್ಚು ಬೆಳೆದದ್ದು ಎರಡನೇ ಗುಂಪಿನಲ್ಲಿ. ಕಬಡ್ಡಿ, ಕುಸ್ತಿ, ವಾಲಿಬಾಲ್ ಆಡುವವರಿಗೆ ಮಾದರಿ ಮೊದಲ ಗುಂಪು. ವೇಗ ಅಳೆಯುವ ಉಪಕರಣ ಬೇಕಿಲ್ಲ: ರೆಪ್ ಕಣ್ಣಿಗೆ ಕಾಣುವಷ್ಟು ನಿಧಾನವಾದರೆ ಬಾರನ್ನು ರ್‍ಯಾಕ್‌ಗೆ ಇಡಿ. ಮ್ಯಾಕ್ಸ್ ಪರೀಕ್ಷೆಯನ್ನು ಎಂಟು-ಹತ್ತು ವಾರಕ್ಕೊಮ್ಮೆ ಇಟ್ಟುಕೊಳ್ಳಿ.

ಮನೆಯಲ್ಲಿ, ತೂಕವಿಲ್ಲದೆ

ಸೋಲಲು ಅತ್ಯಂತ ಸುರಕ್ಷಿತ ಜಾಗ ನೆಲ. ಪುಶ್-ಅಪ್‌ನಲ್ಲಿ ಸೋತರೆ ಮೊಣಕಾಲು ಊರಿದರಾಯಿತು. ಆದರೆ ಗರಡಿಮನೆಯ ಬಸ್ಕಿ, ದಂಡಗಳಂತೆ ನೂರು-ಇನ್ನೂರು ಹೊಡೆಯಬಲ್ಲವರಿಗೆ ಸ್ನಾಯು ಸೋಲುವ ಮೊದಲು ಉಸಿರು ಸೋಲುತ್ತದೆ. ಅದರಿಂದ ದಮ್ಮು ಬೆಳೆಯುತ್ತದೆ, ಗಾತ್ರ ಬೆಳೆಯುವುದು ಕಡಿಮೆ. 30 ರೆಪ್ ಒಳಗೆ ಸೋಲುವಂತೆ ವ್ಯಾಯಾಮವನ್ನು ಕಠಿಣ ಮಾಡಿ. ಪುಶ್-ಅಪ್‌ಗೆ ಕಾಲನ್ನು ಕುರ್ಚಿಯ ಮೇಲಿಡಿ, ಬೆನ್ನಿಗೆ ಹತ್ತು ಕಿಲೋ ಅಕ್ಕಿ ತುಂಬಿದ ಬ್ಯಾಗ್ ಏರಿಸಿ. ಬಸ್ಕಿಗೆ ಬದಲು ಒಂದು ಕಾಲನ್ನು ಹಿಂದೆ ಮಂಚದ ಮೇಲಿಟ್ಟು ಇನ್ನೊಂದರಲ್ಲಿ ಕೂತೇಳಿ, ಇಳಿಯುವಾಗ ಮೂರು ಸೆಕೆಂಡು ತೆಗೆದುಕೊಳ್ಳಿ. ಸೋತಾಗ ಹಿಡಿದುಕೊಳ್ಳಲು ಕೈಗೆಟಕುವಂತೆ ಕಿಟಕಿಯ ಸರಳೋ ಬಾಗಿಲ ಚೌಕಟ್ಟೋ ಇರಲಿ.

ಕೆಟ್ಟದ್ದು ಆಗುವುದು ಎಲ್ಲಿ

ಬಹಳ ದಿನ ಬಿಟ್ಟು ಬಂದವರು ಮೊದಲ ದಿನವೇ ಹಳೆಯ ತೂಕ ಹಾಕಿ ಫೇಲ್ಯೂರ್‌ಗೆ ಹೋಗುವುದು, ಅಥವಾ ಟ್ರೈನರ್ ಹೊಸಬರಿಗೆ ನೂರಾರು ಸ್ಕ್ವಾಟ್ ಮಾಡಿಸುವುದು ನಿಜವಾದ ಅಪಾಯ. ಸ್ನಾಯು ವಿಪರೀತ ಒಡೆದು ಅದರೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕಿಳಿದು ಮೂತ್ರಪಿಂಡವನ್ನು ಕಟ್ಟಿಹಾಕುವ ಸ್ಥಿತಿಗೆ ರಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ಒಂದರಿಂದ ಮೂರು ದಿನದೊಳಗೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ತೊಡೆಯೋ ತೋಳೋ ಗಟ್ಟಿಯಾಗಿ ಊದಿ ಮಡಚಲು ಆಗದಿದ್ದರೆ ಮನೆಮದ್ದು ಬೇಡ, ನೋವಿನ ಮಾತ್ರೆಯೂ ಬೇಡ. ಬ್ರೂಫೆನ್, ಡೈಕ್ಲೋಫೆನಾಕ್‌ನಂಥವು ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆ. ಆಗಲೇ ಆಸ್ಪತ್ರೆಗೆ ಹೋಗಿ, ವ್ಯಾಯಾಮ ಮಾಡಿದ್ದನ್ನು ಹೇಳಿ. ಸಿಕೆ ಎಂಬ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಇಷ್ಟು ತೀವ್ರವಲ್ಲದ, ಆದರೆ ದಿನವೂ ಕಾಣುವ ತೊಂದರೆ ದಣಿವಿನ ಬಾಕಿ. ಹತ್ತು ರೆಪ್ ತೂಕದಲ್ಲಿ ಫೇಲ್ಯೂರ್‌ವರೆಗೆ ಹೋದವರಿಗೆ, ಅದೇ ತೂಕದಲ್ಲಿ ಐದಕ್ಕೆ ನಿಲ್ಲಿಸಿದವರಿಗಿಂತ ಚೇತರಿಸಿಕೊಳ್ಳಲು 24ರಿಂದ 48 ಗಂಟೆ ಹೆಚ್ಚು ಬೇಕಾದದ್ದು ಸ್ಪೇನ್‌ನ ಇನ್ನೊಂದು ಪ್ರಯೋಗದಲ್ಲಿ ಕಂಡುಬಂತು. ಒಂದೇ ಸ್ನಾಯುವನ್ನು ಸೋಲಿಸಿದ ಎರಡು ದಿನಗಳ ನಡುವೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು ದಿನ ಬಿಡಿ. ಪ್ರೋಟೀನ್ ಮೈತೂಕದ ಕಿಲೋಗೆ 1.6 ಗ್ರಾಂ ಸಿಗಬೇಕು: 65 ಕಿಲೋ ಇರುವವರಿಗೆ ದಿನಕ್ಕೆ 104 ಗ್ರಾಂ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಏಳು, ಒಂದು ಮೊಟ್ಟೆಯಲ್ಲಿ ಆರು, ನೂರು ಗ್ರಾಂ ಹುರುಳಿಕಾಳಿನಲ್ಲಿ ಸುಮಾರು ಇಪ್ಪತ್ತೆರಡು ಗ್ರಾಂ ಇರುತ್ತದೆ. ಲೆಕ್ಕ ಹಾಕಿ ನೋಡಿದರೆ ಮುದ್ದೆ-ಸಾರಿನ ಊಟಕ್ಕೆ ಕಾಳು, ಮೊಟ್ಟೆ, ಮೊಸರು, ಮಾಂಸ ಇವುಗಳಲ್ಲಿ ಏನಾದರೂ ಧಾರಾಳವಾಗಿ ಸೇರಲೇಬೇಕೆಂದು ತಿಳಿಯುತ್ತದೆ.

ಕೀಲಿನ ನೋವಿಗೂ ಸ್ನಾಯುವಿನ ನೋವಿಗೂ ಫರಕು ತಿಳಿದಿರಲಿ. ಸ್ನಾಯುವಿನದು ಅಗಲವಾಗಿ ಹರಡಿರುತ್ತದೆ, ಎರಡು-ಮೂರು ದಿನದಲ್ಲಿ ಹೋಗುತ್ತದೆ. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ಪ್ರತಿ ಸೆಟ್‌ನಲ್ಲೂ ಚುಚ್ಚುವುದು ಕೀಲು ಅಥವಾ ಸ್ನಾಯುರಜ್ಜಿನದು. ಅಂಥ ವ್ಯಾಯಾಮದಲ್ಲಿ ಫೇಲ್ಯೂರ್ ಅಲ್ಲಿಗೇ ನಿಲ್ಲಿಸಿ.

ಡೈರಿ

ಇದಿಲ್ಲದೆ ಮೇಲಿನದೆಲ್ಲ ಅಂದಾಜು. ಪ್ರತಿ ಸೆಟ್‌ಗೆ ಮೂರು ಅಂಕಿ ಬರೆಯಿರಿ: ತೂಕ, ರೆಪ್, ಉಳಿಕೆ. "40 × 12 × 0" ಅಂದರೆ 40 ಕಿಲೋ, ಹನ್ನೆರಡು ರೆಪ್, ಹದಿಮೂರನೆಯದು ನಿಂತಿತು. ಒಂದು ವ್ಯಾಯಾಮಕ್ಕೆ 10-15 ಎಂದು ಹರವು ಇಟ್ಟುಕೊಂಡರೆ, ಫೇಲ್ಯೂರ್ ಸೆಟ್‌ನಲ್ಲಿ ಹದಿನೈದು ಮುಟ್ಟಿದ ದಿನದ ಮುಂದಿನ ಸಲ ಇರುವುದರಲ್ಲಿ ಅತಿ ಸಣ್ಣ ಏರಿಕೆ ಮಾಡಿ, ಮತ್ತೆ ಹತ್ತು-ಹನ್ನೊಂದರಿಂದ ಶುರು ಮಾಡಿ. ಮಷಿನ್‌ನಲ್ಲಿ ಒಂದು ಪಿನ್‌ಗೆ ಐದು ಕಿಲೋ ಜಿಗಿಯುತ್ತಿದ್ದು ಅದು ಹೆಚ್ಚೆನಿಸಿದರೆ, ಹರವನ್ನೇ 10-18ಕ್ಕೆ ಹಿಗ್ಗಿಸಿಕೊಳ್ಳಿ.

ಅದೇ ತೂಕದಲ್ಲಿ ಫೇಲ್ಯೂರ್ ರೆಪ್ ಸತತ ಎರಡು ಸಲ ಎರಡೋ ಹೆಚ್ಚೋ ಕುಸಿದರೆ, ಉದಾಹರಣೆಗೆ 13 ಇದ್ದದ್ದು 11, ಆಮೇಲೆ 9 ಆದರೆ, ಇನ್ನಷ್ಟು ಜೋರು ಮಾಡಿ ಪ್ರಯೋಜನವಿಲ್ಲ. ಒಂದು ವಾರ ಎಲ್ಲ ಸೆಟ್‌ಗಳನ್ನು ಅರ್ಧಕ್ಕಿಳಿಸಿ, ಎಲ್ಲದರಲ್ಲೂ ನಾಲ್ಕು ಉಳಿಸಿ. ಎಂಟನೇ ದಿನ ಅದೇ ಮಷಿನ್, ಅದೇ ಪಿನ್‌ಗೆ ವಾಪಸ್ ಬಂದು ಎಣಿಸಿ. ಹದಿಮೂರು ಅಥವಾ ಮೇಲೆ ಬಂದರೆ ಕುಸಿದದ್ದು ದಣಿವಿನಿಂದ, ಹಳೆಯ ಪಟ್ಟಿಗೆ ಮರಳಿ. ಒಂಬತ್ತಕ್ಕೇ ನಿಂತರೆ ಮೊದಲು ನಿದ್ರೆ ಮತ್ತು ಊಟ ನೋಡಿಕೊಳ್ಳಿ, ಅವು ಸರಿಯಾಗುವ ತನಕ ಫೇಲ್ಯೂರ್ ಸೆಟ್‌ಗಳನ್ನು ನಾಲ್ಕರಿಂದ ಎರಡಕ್ಕೆ ಇಳಿಸಿ.